ಸ್ಟಡಿ ಅಬ್ರಾಡ್ ಏಜೆನ್ಸಿಗೆ ಕೇಸ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್: ಮಾಮೂಲಿ ಸಿಆರ್‌ಎಂ ಸಾಕಾ, ಬೇರೆಯದೇ ಬೇಕಾ?

ಕಿತ್ತೂರ್_ಡೆಸ್ಕ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ ಮೂರು ಕಡೆ ಬ್ರಾಂಚ್ ಇರುವ ಏಜೆನ್ಸಿಗೆ ಸಾಫ್ಟ್‌ವೇರ್ ಆರಿಸಬೇಕಾಗಿದೆ. ಒಟ್ಟು 17 ಲಾಗಿನ್: 11 ಕೌನ್ಸೆಲರ್, ಅಪ್ಲಿಕೇಶನ್ ಟೀಮಿನಲ್ಲಿ 3, ವೀಸಾ ಫೈಲಿಂಗ್‌ಗೆ 2, ಅಕೌಂಟ್ಸ್ 1. ಇದಲ್ಲದೆ 6 ಸಬ್-ಏಜೆಂಟ್‌ಗಳು. ವರ್ಷಕ್ಕೆ 2,500ರ ಆಸುಪಾಸು ಎನ್‌ಕ್ವೈರಿ ಬಂದರೆ ಅರ್ಜಿ ಹಾಕುವ ಹಂತಕ್ಕೆ 300 ಫೈಲ್ ಬರುತ್ತವೆ. ಅರ್ಧಕ್ಕಿಂತ ಹೆಚ್ಚು ಯುಕೆ, ಆಮೇಲೆ ಜರ್ಮನಿ, ಆಸ್ಟ್ರೇಲಿಯಾ, ಒಂದಿಷ್ಟು ಕೆನಡಾ.

ಈಗ ಎಲ್ಲವೂ ಗೂಗಲ್ ಶೀಟ್, ಡ್ರೈವ್ ಫೋಲ್ಡರ್ ಮತ್ತು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ನಡೆಯುತ್ತಿದೆ. ಮೂರು ತರಹದ ಕೊಟೇಶನ್ ಕೈಯಲ್ಲಿವೆ: ಒಂದು ಮಾಮೂಲಿ ಸೇಲ್ಸ್ ಸಿಆರ್‌ಎಂ (ಗಿರಾಕಿಗಳ ವಿವರ, ಮಾರಾಟ ನೋಡಿಕೊಳ್ಳುವ ಸಾಫ್ಟ್‌ವೇರ್), ಇನ್ನೊಂದು ಶಿಕ್ಷಣ ಏಜೆನ್ಸಿಗಳಿಗೆಂದೇ ಮಾಡಿದ್ದು, ಮೂರನೆಯದು ಪರಿಚಯದ ಡೆವಲಪರ್ ಹೊಸದಾಗಿ ಕಟ್ಟಿಕೊಡುತ್ತೇನೆ ಎಂದದ್ದು. ಡೆಮೊದಲ್ಲಿ ಮೂರೂ ಚೆಂದ ಕಾಣುತ್ತವೆ ನೋಡ್ರಿ, ಅದೇ ತೊಂದರೆ. ಯಾವುದನ್ನು ನೋಡಿ ನಿರ್ಧರಿಸಬೇಕು?

ಫೈಲ್17

ಫೀಚರ್ ಪಟ್ಟಿಯನ್ನು ಪಕ್ಕಕ್ಕಿಡಿ. ವೆಂಡರ್‌ಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮಲ್ಲಿ ‘ಒಂದು ರೆಕಾರ್ಡ್’ ಅಂದರೆ ಏನು?

ಸೇಲ್ಸ್ ಸಿಆರ್‌ಎಂನಲ್ಲಿ ಲೀಡ್ (ವಿಚಾರಿಸಿದ ಗಿರಾಕಿ) ಬರುತ್ತದೆ, ಡೀಲ್ ಆಗುತ್ತದೆ, ಗೆದ್ದಿರೋ ಸೋತಿರೋ ಅಲ್ಲಿಗೆ ಮುಗಿಯಿತು. ನಮ್ಮ ಕೆಲಸದಲ್ಲಿ ವಿದ್ಯಾರ್ಥಿ ಒಬ್ಬ, ಅರ್ಜಿ ಐದು. ಒಂದರಲ್ಲಿ ಕಂಡೀಷನಲ್ ಆಫರ್ (ಷರತ್ತಿನ ಸೀಟು) ಬಂದಿದೆ, ಎರಡು ರಿಜೆಕ್ಟ್, ಒಂದಕ್ಕೆ ಇಂಟರ್‌ವ್ಯೂ ಬಾಕಿ, ಇನ್ನೊಂದನ್ನು ಜನವರಿ ಇಂಟೇಕ್‌ಗೆ (ಸೇರ್ಪಡೆಯ ಸರದಿಗೆ) ಮುಂದೂಡಲಾಗಿದೆ. ಈಗ ಈ ಹುಡುಗನ ‘ಸ್ಟೇಜ್’ ಯಾವುದು? ಒಬ್ಬ ವಿದ್ಯಾರ್ಥಿಗೆ ಒಂದೇ ಸ್ಟೇಜ್ ಕೊಡುವ ಸಾಫ್ಟ್‌ವೇರ್‌ನಲ್ಲಿ ಕೌನ್ಸೆಲರ್ ಅತಿ ಮುಂದಿರುವ ಅರ್ಜಿಯ ಸ್ಟೇಜ್ ಹಾಕುತ್ತಾರೆ, ಉಳಿದ ನಾಲ್ಕು ರಿಮಾರ್ಕ್ಸ್ ಕಾಲಮ್ಮಿಗೆ ಹೋಗುತ್ತವೆ. ರಿಮಾರ್ಕ್ಸ್‌ಗೆ ಹೋದದ್ದು ರಿಪೋರ್ಟಿಗೆ ಬರುವುದಿಲ್ಲ. ಆರು ತಿಂಗಳಲ್ಲಿ ಮತ್ತೆ ಪಕ್ಕದಲ್ಲೊಂದು ಶೀಟ್ ತೆರೆದಿರುತ್ತದೆ.

ಇರಬೇಕಾದ ರಚನೆ ಇದು: ವಿದ್ಯಾರ್ಥಿ, ಅವರ ಕೆಳಗೆ ಅರ್ಜಿಗಳು, ಪ್ರತಿ ಅರ್ಜಿಗೆ ತನ್ನದೇ ಯೂನಿವರ್ಸಿಟಿ, ಕೋರ್ಸ್, ಇಂಟೇಕ್, ಸ್ಟೇಜ್. ಅಂತಿಮವಾಗಿ ಆರಿಸಿದ ಅರ್ಜಿಯ ಕೆಳಗೆ ವೀಸಾ ಕೇಸ್, ಅದರ ಕೆಳಗೆ ಯೂನಿವರ್ಸಿಟಿ ಏಜೆನ್ಸಿಗೆ ಕೊಡುವ ಕಮಿಷನ್. ಡಾಕ್ಯುಮೆಂಟ್ ಮಾತ್ರ ವಿದ್ಯಾರ್ಥಿಯ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ಒಂದೇ ಮಾರ್ಕ್ಸ್ ಕಾರ್ಡನ್ನು ಐದು ಸಲ ಅಪ್‌ಲೋಡ್ ಮಾಡುತ್ತಾ ಕೂರಬೇಕು. ಮಾಮೂಲಿ ಸಿಆರ್‌ಎಂನಲ್ಲಿಯೂ ಕಸ್ಟಮ್ ಮಾಡ್ಯೂಲ್ ಸೇರಿಸಿ ಇದನ್ನು ಕಟ್ಟಬಹುದು. ಆದರೆ ಆ ಸೌಲಭ್ಯ ಅಗ್ಗದ ಪ್ಲಾನ್‌ನಲ್ಲಿ ಇರುವುದು ಕಡಿಮೆ. ಕೊಟೇಶನ್ ಯಾವ ಪ್ಲಾನ್‌ನದು ಎಂದು ನೋಡಿ.

ಡೆಮೊಗೆ ಅವರ ಸ್ಯಾಂಪಲ್ ಡೇಟಾ ಬಳಸಲು ಬಿಡಬೇಡಿ. ಹೆಸರು, ನಂಬರ್ ಬದಲಿಸಿ ನಿಮ್ಮದೇ ಐದು ತಲೆನೋವಿನ ಫೈಲ್ ಕೊಡಿ:

1. ಎರಡು ದೇಶ, ಐದು ಅರ್ಜಿ ಇರುವ ವಿದ್ಯಾರ್ಥಿ.
2. ಡೆಪಾಸಿಟ್ ಕಟ್ಟಿದ ಮೇಲೆ ಸೆಪ್ಟೆಂಬರ್‌ನಿಂದ ಜನವರಿಗೆ ಡಿಫರ್ ಆದವರು. ಹೊಸ ಆಫರ್ ಬಂದಾಗ ಹಳೆಯದು ಅಳಿದುಹೋಗುತ್ತದಾ, ಉಳಿಯುತ್ತದಾ?
3. ವೀಸಾ ರಿಫ್ಯೂಸ್ ಆಗಿ ಅದೇ ಯೂನಿವರ್ಸಿಟಿಗೆ ಮತ್ತೆ ಹಾಕಿದವರು. ಎರಡು ವೀಸಾ ಕೇಸ್ ಬೇಕು, ವಿದ್ಯಾರ್ಥಿ ಒಬ್ಬರೇ.
4. ಅಪ್ಪನ ಒಂದೇ ಮೊಬೈಲ್ ನಂಬರ್ ಕೊಟ್ಟ ಅಕ್ಕ ತಮ್ಮ. ನಂಬರ್ ನೋಡಿ ಡೂಪ್ಲಿಕೇಟ್ ಹಿಡಿಯುವ ಸಾಫ್ಟ್‌ವೇರ್ ಇಬ್ಬರನ್ನೂ ಒಂದೇ ರೆಕಾರ್ಡಿಗೆ ಬೆರೆಸಿಬಿಡುತ್ತದೆ.
5. ಸಬ್-ಏಜೆಂಟ್ ಕಳಿಸಿದ, ಮಧ್ಯದಲ್ಲಿ ನಿಮ್ಮ ಬ್ರಾಂಚಿಗೆ ನೇರವಾಗಿ ಬಂದ ವಿದ್ಯಾರ್ಥಿ.

ಸ್ಲೈಡ್ ಬೇಡ, ನಿಮ್ಮ ಕಣ್ಣೆದುರೇ ಕ್ಲಿಕ್ ಮಾಡಿ ತೋರಿಸಲಿ. ಮೂರನೆಯ ಫೈಲಿನಲ್ಲೇ ಬಹಳಷ್ಟು ಜನ ‘ಇದನ್ನು ಕಸ್ಟಮೈಸ್ ಮಾಡಿಕೊಡ್ತೀವಿ ಸರ್’ ಎನ್ನಲು ಶುರು ಮಾಡುತ್ತಾರೆ.

ಇನ್ನೊಂದು ಉಪಾಯ. ‘ಶಿಕ್ಷಣ ಏಜೆನ್ಸಿಗೆಂದೇ ಮಾಡಿದ್ದು’ ಎಂದವರ ಬಳಿ ಅವರ ದೇಶವಾರು ಚೆಕ್‌ಲಿಸ್ಟ್ ತೆರೆಸಿ. ಕೆನಡಾ ಪಟ್ಟಿಯಲ್ಲಿ ಇನ್ನೂ ಎಸ್‌ಡಿಎಸ್ (ವಿದ್ಯಾರ್ಥಿ ವೀಸಾದ ವೇಗದ ದಾರಿ) ಇದೆಯಾ? ಅದು 2024ರ ನವೆಂಬರ್ 8ಕ್ಕೇ ನಿಂತುಹೋಯಿತು. ಆಸ್ಟ್ರೇಲಿಯಾದಲ್ಲಿ ಜಿಟಿಇ ಸ್ಟೇಟ್‌ಮೆಂಟ್ (ಓದಲು ತಾತ್ಕಾಲಿಕವಾಗಿ ಬರುತ್ತೇನೆ ಎಂಬ ಹೇಳಿಕೆ) ಕೇಳುತ್ತಿದೆಯಾ? 2024ರ ಮಾರ್ಚ್ 23ರಿಂದ ಅದರ ಜಾಗಕ್ಕೆ ಜೆನ್ಯುಯಿನ್ ಸ್ಟೂಡೆಂಟ್ ಪ್ರಶ್ನೆಗಳು ಬಂದಿವೆ. ಜರ್ಮನಿಗೆ ಎಪಿಎಸ್ ಸರ್ಟಿಫಿಕೇಟ್ (ಓದಿನ ದಾಖಲೆಗಳು ಅಸಲಿ ಎಂಬ ದೃಢೀಕರಣ) ಇಲ್ಲವೇ ಇಲ್ಲವಾ? 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳಿಗೆ ಅದು ಕಡ್ಡಾಯ. ಬ್ಲಾಕ್ಡ್ ಅಕೌಂಟ್ (ಅಲ್ಲಿಯ ಖರ್ಚಿಗೆ ಮೊದಲೇ ಹಣ ಇಡುವ ಖಾತೆ) 11,904 ಯೂರೋ ಬದಲು 11,208 ಎಂದಿದ್ದರೆ ಆ ಪಟ್ಟಿಯನ್ನು 2024ರ ನಂತರ ಯಾರೂ ಮುಟ್ಟಿಲ್ಲ. ಮುಟ್ಟದ ಚೆಕ್‌ಲಿಸ್ಟ್ ಖಾಲಿ ಚೆಕ್‌ಲಿಸ್ಟಿಗಿಂತ ಅಪಾಯ, ಏಕೆಂದರೆ ಹೊಸ ಕೌನ್ಸೆಲರ್ ಅದನ್ನೇ ನಂಬುತ್ತಾರೆ. ಚೆಕ್‌ಲಿಸ್ಟನ್ನು ನೀವೇ, ವೆಂಡರ್‌ಗೆ ಟಿಕೆಟ್ ಹಾಕದೆ, ಹತ್ತು ನಿಮಿಷದಲ್ಲಿ ತಿದ್ದಲು ಬರಬೇಕು. ತಿದ್ದಿದಾಗ ಈಗಾಗಲೇ ನಡೆಯುತ್ತಿರುವ ಫೈಲ್‌ಗಳಿಗೂ ಅನ್ವಯ ಆಗುತ್ತದಾ, ಹೊಸದಕ್ಕೆ ಮಾತ್ರವಾ ಎಂದೂ ಕೇಳಿ.

ಕರಾವಳಿ_ಆಪ್ಸ್

ಮೇಲಿನದು ಸರಿ. ಅದಕ್ಕೆ ಎರಡು ವಿಷಯ ಸೇರಿಸುತ್ತೇನೆ: ತಾರೀಖು ಮತ್ತು ಹೆಸರು. ಫೈಲ್ ಕೆಡುವುದು ಹೆಚ್ಚಾಗಿ ಈ ಎರಡರಲ್ಲೇ.

ತಾರೀಖು ಎಂದರೆ ‘ಫಾಲೋ-ಅಪ್ ರಿಮೈಂಡರ್’ ಅಲ್ಲ. ಅದು ಎಲ್ಲದರಲ್ಲೂ ಇದೆ. ಒಂದು ತಾರೀಖಿನಿಂದ ಇನ್ನೊಂದನ್ನು ಲೆಕ್ಕ ಹಾಕಲು ಬರುತ್ತದಾ ಎಂಬುದು ಪ್ರಶ್ನೆ. ಯುಕೆ ಹಣದ ದಾಖಲೆಯನ್ನೇ ತೆಗೆದುಕೊಳ್ಳಿ. ಲಂಡನ್ ಹೊರಗಿನ ಯೂನಿವರ್ಸಿಟಿ, ಮೊದಲ ವರ್ಷದ ಫೀಸು 17,500 ಪೌಂಡ್, ಕ್ಯಾಸ್‌ನಲ್ಲಿ (ವೀಸಾಕ್ಕೆಂದು ಯೂನಿವರ್ಸಿಟಿ ಕೊಡುವ ಪ್ರವೇಶ ದೃಢೀಕರಣ) 5,000 ಕಟ್ಟಿದೆ ಎಂದಿದೆ. ಬಾಕಿ 12,500. ಖರ್ಚಿಗೆ ತಿಂಗಳಿಗೆ 1,171ರಂತೆ ಗರಿಷ್ಠ 9 ತಿಂಗಳಿಗೆ 10,539 (ಈ ದರ 2025ರ ನವೆಂಬರ್ 11ರಿಂದ, ಲಂಡನ್ ಒಳಗಾದರೆ 1,529). ಒಟ್ಟು 23,039 ಪೌಂಡ್ ಸತತ 28 ದಿನ ಖಾತೆಯಲ್ಲಿ ನಿಂತಿರಬೇಕು. ಸ್ಟೇಟ್‌ಮೆಂಟಿನ ಕೊನೆಯ ತಾರೀಖಿನಿಂದ 31 ದಿನದೊಳಗೆ ವೀಸಾ ಅರ್ಜಿ ಹಾಕಬೇಕು.

ಸ್ಟೇಟ್‌ಮೆಂಟ್ ಆಗಸ್ಟ್ 10ಕ್ಕೆ ಮುಗಿದರೆ 28 ದಿನ ಎಣಿಕೆ ಜುಲೈ 14ರಿಂದ, ಅರ್ಜಿಗೆ ಕೊನೆಯ ದಿನ ಸೆಪ್ಟೆಂಬರ್ 10. ಈಗ ಆಗಸ್ಟ್ 2ರಂದು ಬ್ಯಾಂಕು ಎಸ್‌ಎಂಎಸ್ ಚಾರ್ಜ್ ಎಂದು ಒಂದಿಷ್ಟು ರೂಪಾಯಿ ಕಡಿದು ಬ್ಯಾಲೆನ್ಸ್ ಆ ಮೊತ್ತಕ್ಕಿಂತ ಕೆಳಗೆ ಇಳಿಯಿತು ಎಂದುಕೊಳ್ಳಿ. ಹಣ ಮತ್ತೆ ತುಂಬಿದರೂ ಎಣಿಕೆ ಆಗಸ್ಟ್ 3ರಿಂದ ಹೊಸದಾಗಿ ಶುರು, 28ನೇ ದಿನ ಆಗಸ್ಟ್ 30. ಅಲ್ಲಿಂದ ವೀಸಾ ನಿರ್ಧಾರಕ್ಕೆ ಮಾಮೂಲಿ ಮೂರು ವಾರ ಹಿಡಿದರೆ ಸೆಪ್ಟೆಂಬರ್ ಮೂರನೇ ವಾರ ದಾಟುತ್ತದೆ. ಯೂನಿವರ್ಸಿಟಿಯ ಲೇಟ್ ಎನ್‌ರೋಲ್‌ಮೆಂಟ್ ಅಷ್ಟರಲ್ಲಿ ಮುಗಿದಿದ್ದರೆ ಸೀಟು ಜನವರಿಗೆ. ಹೋಮ್ ಆಫೀಸ್ (ವೀಸಾ ನೋಡುವ ಯುಕೆ ಸರ್ಕಾರದ ಇಲಾಖೆ) ರೂಪಾಯಿಯನ್ನು ಪೌಂಡಿಗೆ ಬದಲಿಸುವುದು ಅರ್ಜಿ ಹಾಕಿದ ದಿನದ ಒವಾಂಡಾ (ಕರೆನ್ಸಿ ದರದ ವೆಬ್‌ಸೈಟ್) ದರದಲ್ಲಿ, ಹಣ ಇಟ್ಟ ದಿನದ ದರದಲ್ಲಿ ಅಲ್ಲ. ಹಾಗಾಗಿ ಸಾಫ್ಟ್‌ವೇರ್‌ನಲ್ಲಿ ‘ಬೇಕಾದ ಮೊತ್ತ’ ಎಂಬ ಫೀಲ್ಡಿಗೆ ಶೇ 5ರಷ್ಟು ಹೆಚ್ಚು ಸೇರಿಸಿಯೇ ತೋರಿಸುವಂತೆ ಫಾರ್ಮುಲಾ ಹಾಕಿ.

ಇಷ್ಟಕ್ಕೆ ಐದಾರು ಫೀಲ್ಡ್ ಸಾಕು: ಬೇಕಾದ ಮೊತ್ತ, ಎಣಿಕೆ ಶುರುವಾದ ದಿನ, 28ನೇ ದಿನ, ಸ್ಟೇಟ್‌ಮೆಂಟ್ ಮುಕ್ತಾಯದ ದಿನ, ಅರ್ಜಿಯ ಕೊನೆಯ ದಿನ, ಖಾತೆ ಯಾರದ್ದು. ಕೊನೆಯದು ಡ್ರಾಪ್‌ಡೌನ್ ಆಗಿರಲಿ: ಸ್ವಂತ, ತಂದೆ, ತಾಯಿ, ಎಜುಕೇಶನ್ ಲೋನ್. ತಂದೆ ಅಥವಾ ತಾಯಿ ಎಂದು ಆರಿಸಿದರೆ ಜನನ ಪ್ರಮಾಣಪತ್ರ ಮತ್ತು ಒಪ್ಪಿಗೆ ಪತ್ರ ಚೆಕ್‌ಲಿಸ್ಟಿಗೆ ತಾನಾಗಿ ಸೇರಬೇಕು. ಲೋನ್ ಎಂದರೆ 28 ದಿನದ ಸಾಲುಗಳು ಮಾಯವಾಗಿ, ಲೋನ್ ಲೆಟರಿನ ತಾರೀಖು ಅರ್ಜಿಗಿಂತ 6 ತಿಂಗಳ ಒಳಗಿದೆಯಾ ಎಂದು ನೋಡಬೇಕು. ಚಿಕ್ಕಪ್ಪ, ಸೋದರಮಾವ, ಅಜ್ಜ ಆಯ್ಕೆಯಲ್ಲೇ ಇರಬಾರದು. ಇದ್ದರೆ ಯಾರೋ ಒಬ್ಬರು ಆರಿಸಿಯೇ ಆರಿಸುತ್ತಾರೆ.

ಇದೇ ರೀತಿ ಟಿಬಿ ಸರ್ಟಿಫಿಕೇಟ್ 6 ತಿಂಗಳು, ಕ್ಯಾಸ್ 6 ತಿಂಗಳು, ಐಇಎಲ್‌ಟಿಎಸ್ 2 ವರ್ಷ. ಡಾಕ್ಯುಮೆಂಟ್ ಅಪ್‌ಲೋಡ್ ಮಾಡುವಾಗಲೇ ‘ಕೊಟ್ಟ ದಿನ’ ಕೇಳಿ ಮುಗಿಯುವ ದಿನವನ್ನು ಸಾಫ್ಟ್‌ವೇರ್ ಬರೆದುಕೊಳ್ಳಬೇಕು. ಮಾತ್ರವಲ್ಲ, ಡಿಫರ್ ಆದ ಕೂಡಲೇ ಹೊಸ ಇಂಟೇಕ್‌ಗೆ ಯಾವುದು ಹಳಸುತ್ತದೆ ಎಂದು ಎಲ್ಲವನ್ನೂ ಮತ್ತೆ ನೋಡಬೇಕು. ಇದು ಕೆಲವೇ ಪ್ರಾಡಕ್ಟ್‌ಗಳಲ್ಲಿ ಕೆಲಸ ಮಾಡುತ್ತದೆ, ಪರೀಕ್ಷಿಸದೆ ನಂಬಬೇಡಿ.

ಇನ್ನು ಹೆಸರು. ಇದು ನಮ್ಮ ಕಡೆಯ ವಿಶೇಷ ರೋಗ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎಸ್’, ಪಾಸ್‌ಪೋರ್ಟಿನಲ್ಲಿ ಗಿವನ್ ನೇಮ್ ಜಾಗದಲ್ಲಿ ‘ಮಂಜುನಾಥ ಶಿವಪ್ಪ’, ಸರ್‌ನೇಮ್ ಖಾಲಿ. ಸಾಫ್ಟ್‌ವೇರ್‌ನಲ್ಲಿ ಸರ್‌ನೇಮ್ ಕಡ್ಡಾಯ ಎಂದಿದ್ದರೆ ಕೌನ್ಸೆಲರ್ ಒಬ್ಬರು ಚುಕ್ಕಿ ಹಾಕುತ್ತಾರೆ, ಇನ್ನೊಬ್ಬರು ‘ಎನ್ಎ’ ಹಾಕುತ್ತಾರೆ, ಮತ್ತೊಬ್ಬರು ಅಪ್ಪನ ಹೆಸರು ಮುರಿದು ಹಾಕುತ್ತಾರೆ. ಅದೇ ಯೂನಿವರ್ಸಿಟಿ ಪೋರ್ಟಲಿಗೆ, ಅಲ್ಲಿಂದ ಆಫರ್ ಲೆಟರಿಗೆ, ಅಲ್ಲಿಂದ ಕ್ಯಾಸ್‌ಗೆ ಹೋಗುತ್ತದೆ. ಕ್ಯಾಸ್ ತಿದ್ದಿಸಲು ಅಡ್ಮಿಷನ್ ಆಫೀಸಿಗೆ ಮೇಲ್ ಬರೆದು ಆಗಸ್ಟ್ ತಿಂಗಳಲ್ಲಿ ಕಾಯುವುದು ಯಾರಿಗೂ ಬೇಡ. ಬೇಕಾದದ್ದು ಮೂರು: ಸರ್‌ನೇಮ್ ಐಚ್ಛಿಕವಾಗಿರಬೇಕು, ‘ಪಾಸ್‌ಪೋರ್ಟಿನಲ್ಲಿ ಇದ್ದಂತೆ’ ಮತ್ತು ‘ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆ’ ಎಂದು ಎರಡು ಬೇರೆ ಫೀಲ್ಡ್, ಎರಡೂ ಹೊಂದದಿದ್ದರೆ ಅಫಿಡವಿಟ್ ಬೇಕಾ ಎಂಬ ಟಾಸ್ಕ್ ತಾನಾಗಿ ಹುಟ್ಟಬೇಕು. ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಕೆಳಗಿನ ಎರಡು ಸಾಲಿನ ಕೋಡ್ ಓದುವ ಸೌಲಭ್ಯ ಇದ್ದರೆ ಒಳ್ಳೆಯದು, ಟೈಪ್ ಮಾಡುವ ತಪ್ಪು ಅಲ್ಲಿಗೇ ನಿಲ್ಲುತ್ತದೆ.

ಕಿತ್ತೂರ್_ಡೆಸ್ಕ್

ಇಬ್ಬರಿಗೂ ಭಾಳ ಥ್ಯಾಂಕ್ಸ್‌ರಿ. ಅಕ್ಕ ತಮ್ಮನ ಫೈಲನ್ನು ಸೇಲ್ಸ್ ಸಿಆರ್‌ಎಂನವರಿಗೆ ಕೊಟ್ಟು ನೋಡಿದ್ದಾಯಿತು, ಎರಡನೇ ಹೆಸರು ಹಾಕಿದ ತಕ್ಷಣ ಮೊದಲನೆಯದರ ಮೇಲೆ ಬರೆದುಬಿಟ್ಟಿತು.

ಇನ್ನೆರಡು ಪ್ರಶ್ನೆ. ಕಮಿಷನ್ ಲೆಕ್ಕವನ್ನೂ ಇದರಲ್ಲೇ ಇಡಬೇಕಾ, ಟ್ಯಾಲಿ ಸಾಕಾ? ಮತ್ತೆ, ಪಾಸ್‌ಪೋರ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ವೆಂಡರ್ ಸರ್ವರ್‌ನಲ್ಲಿ ಇಡುವುದು ಎಷ್ಟು ಸರಿ?

ಲೆಕ್ಕದಮನೆ

ಟ್ಯಾಲಿಗೆ ಇನ್‌ವಾಯ್ಸ್ ಗೊತ್ತು. ಇನ್‌ವಾಯ್ಸ್ ಹಾಕಬೇಕಿತ್ತು ಎಂಬುದು ಟ್ಯಾಲಿಗೆ ಗೊತ್ತಿಲ್ಲ. ಏಜೆನ್ಸಿಯ ದುಡ್ಡು ಸೋರುವುದು ಆ ಸಂದಿಯಲ್ಲಿ.

ಕಮಿಷನ್ ಹುಟ್ಟುವುದು ವೀಸಾ ಬಂದಾಗ ಅಲ್ಲ. ವಿದ್ಯಾರ್ಥಿ ಅಲ್ಲಿ ಹೋಗಿ ಎನ್‌ರೋಲ್ ಆಗಿ, ಫೀಸು ಕಟ್ಟಿ, ಒಪ್ಪಂದದಲ್ಲಿ ಹೇಳಿದ ದಿನ ದಾಟಬೇಕು. ಆಸ್ಟ್ರೇಲಿಯಾದಲ್ಲಾದರೆ ಸೆನ್ಸಸ್ ಡೇಟ್ (ಆ ಟರ್ಮ್‌ನ ದಾಖಲಾತಿ ಗಟ್ಟಿಯಾಗುವ ದಿನ). ಆ ಹೊತ್ತಿಗೆ ಕೌನ್ಸೆಲರ್ ಮುಂದಿನ ಇಂಟೇಕ್‌ನಲ್ಲಿ ಮುಳುಗಿರುತ್ತಾರೆ, ವಿದ್ಯಾರ್ಥಿ ಇಂಡಿಯಾ ನಂಬರ್ ಬಿಟ್ಟಿರುತ್ತಾರೆ. ಹಾಗಾಗಿ ‘ವೀಸಾ ಬಂತು’ ಎಂಬುದು ಕೊನೆಯ ಸ್ಟೇಜ್ ಆಗಿರುವ ಯಾವ ಸಾಫ್ಟ್‌ವೇರೂ ಬೇಡ. ಅದರ ಮುಂದೆ ಕನಿಷ್ಠ ಐದು ಇರಲಿ: ಪ್ರಯಾಣ, ಎನ್‌ರೋಲ್ ಖಾತ್ರಿ (ಸ್ಟೂಡೆಂಟ್ ಐಡಿ ಸಮೇತ), ಇನ್‌ವಾಯ್ಸ್ ಹಾಕಿದ್ದು, ಯೂನಿವರ್ಸಿಟಿ ಒಪ್ಪಿದ್ದು, ಹಣ ಬಂದದ್ದು.

ದರದ ವಿಷಯ. ಪಠ್ಯಶುಲ್ಕದ ಶೇ 15 ಎಂದು ಒಂದು ನಂಬರ್ ಯೂನಿವರ್ಸಿಟಿ ಹೆಸರಿನ ಮುಂದೆ ಬರೆದಿಟ್ಟರೆ ಮುಂದಿನ ವರ್ಷ ಅದು ಶೇ 12 ಆದಾಗ ಹಳೆಯ ವಿದ್ಯಾರ್ಥಿಗಳ ಲೆಕ್ಕವೂ ಬದಲಾಗುತ್ತದೆ. ದರಕ್ಕೆ ‘ಯಾವ ಇಂಟೇಕಿನಿಂದ ಯಾವ ಇಂಟೇಕಿನವರೆಗೆ’ ಎಂಬ ಅವಧಿ ಇರಬೇಕು. ಸ್ಕಾಲರ್‌ಶಿಪ್ ಕಳೆದ ಮೇಲಿನ ಫೀಸಿಗೆ ಕಮಿಷನ್ನಾ, ಕಳೆಯುವ ಮುಂಚಿನದ್ದಕ್ಕಾ ಎಂಬುದು ಒಪ್ಪಂದದಿಂದ ಒಪ್ಪಂದಕ್ಕೆ ಬೇರೆ. 17,500 ಪೌಂಡ್ ಫೀಸು, 3,000 ಸ್ಕಾಲರ್‌ಶಿಪ್, ಶೇ 15: ಒಂದು ರೀತಿಯಲ್ಲಿ 2,625, ಇನ್ನೊಂದು ರೀತಿಯಲ್ಲಿ 2,175. ಒಬ್ಬ ವಿದ್ಯಾರ್ಥಿಗೆ 450 ಪೌಂಡ್ ವ್ಯತ್ಯಾಸ. ಸಬ್-ಏಜೆಂಟಿಗೆ ನೀವು ಮಾತು ಕೊಟ್ಟಿರುವುದು ಫೀಸಿನ ಮೇಲಿನ ಪಾಲೋ, ನಿಮ್ಮ ಕಮಿಷನ್ನಿನ ಪಾಲೋ ಅದೂ ಫೀಲ್ಡ್ ಆಗಿರಲಿ, ಬಾಯಿಮಾತಲ್ಲ. ಅವರಿಗೆ ಕೊಡುವುದು ನಿಮಗೆ ಹಣ ಬಂದ ಮೇಲೆ ಮಾತ್ರ ತೆರೆಯುವ ಹಾಗೆ ಲಾಕ್ ಮಾಡಿ. ಮೊದಲ ಟರ್ಮ್‌ನಲ್ಲೇ ವಿದ್ಯಾರ್ಥಿ ಬಿಟ್ಟರೆ ಯೂನಿವರ್ಸಿಟಿ ಕಮಿಷನ್ ವಾಪಸ್ ಕೇಳುವ ಷರತ್ತು ಇದ್ದರೆ ಮೈನಸ್ ಎಂಟ್ರಿ ಹಾಕಲು ಬರಬೇಕು, ಹಳೆಯ ಇನ್‌ವಾಯ್ಸ್ ಅಳಿಸಬಾರದು.

ಐದು ವಿದ್ಯಾರ್ಥಿಗಳ ಹಣ ಒಟ್ಟಿಗೆ ಒಂದೇ ರೆಮಿಟೆನ್ಸ್‌ನಲ್ಲಿ ಬರುತ್ತದೆ, ನಡುವಿನ ಬ್ಯಾಂಕು ಚಾರ್ಜ್ ಕಡಿದಿರುತ್ತದೆ. ಒಂದು ರಸೀದಿಯನ್ನು ಐದು ಕೇಸ್‌ಗಳಿಗೆ ಹಂಚಲು ಬರುತ್ತದಾ ನೋಡಿ. ಎಫ್‌ಐಆರ್‌ಸಿ (ವಿದೇಶದಿಂದ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಪ್ರಮಾಣಪತ್ರ) ಅಥವಾ ಬ್ಯಾಂಕಿನ ಅಡ್ವೈಸ್ ಅದೇ ರಸೀದಿಗೆ ಅಂಟಿರಲಿ. ವಿದೇಶಿ ಯೂನಿವರ್ಸಿಟಿಯ ಕಮಿಷನ್ ರಫ್ತು ಸೇವೆಯೋ, ಮಧ್ಯವರ್ತಿ ಸೇವೆ ಎಂದು ಶೇ 18 ಜಿಎಸ್‌ಟಿಗೆ ಬೀಳುತ್ತದೋ ಎಂಬ ತಕರಾರು ಬಹಳ ವರ್ಷ ನಡೆದದ್ದು ನಿಮಗೆ ಗೊತ್ತೇ ಇದೆ. 2025ರ ಸೆಪ್ಟೆಂಬರ್ 3ರ 56ನೇ ಜಿಎಸ್‌ಟಿ ಕೌನ್ಸಿಲ್ ಸಭೆ ಐಜಿಎಸ್‌ಟಿ ಕಾಯ್ದೆಯ 13(8)(ಬಿ) ಕಲಮನ್ನು, ಎಂದರೆ ಆ ತಕರಾರಿನ ಮೂಲವನ್ನು, ಕೈಬಿಡಲು ಶಿಫಾರಸು ಮಾಡಿತು. ಹಿಂದಿನ ವರ್ಷಗಳ ನೋಟಿಸ್ ಬಂದರೆ ಒಪ್ಪಂದ, ಇನ್‌ವಾಯ್ಸ್, ಎಫ್‌ಐಆರ್‌ಸಿ ಮೂರನ್ನೂ ಜೋಡಿಸಿ ತೋರಿಸಬೇಕಾಗುತ್ತದೆ. ನಿಮ್ಮ ಸಿಎ ಅವರನ್ನು ಒಂದು ಡೆಮೊಗೆ ಕೂರಿಸಿಕೊಳ್ಳಿ.

ಸಾಫ್ಟ್‌ವೇರ್‌ನಲ್ಲಿ ಬಾಕಿ ಪಟ್ಟಿ, ಟ್ಯಾಲಿಯಲ್ಲಿ ಪುಸ್ತಕ. ಎರಡರ ನಡುವೆ ತಿಂಗಳಿಗೊಮ್ಮೆ ಎಕ್ಸೆಲ್ ಸಾಕು. ನಿಮ್ಮ ಗಾತ್ರಕ್ಕೆ ಇಂಟಿಗ್ರೇಶನ್ ಎಂದು ದುಡ್ಡು ಸುರಿಯುವುದು ದಂಡ.

ಸರ್ವರ್_ಸಾಮಿ

ಡೇಟಾ ಪ್ರಶ್ನೆಗೆ. 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ) ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳು 18 ತಿಂಗಳ ನಂತರ, ಎಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ. ಸೋರಿಕೆ ಆದರೆ ಹೊಣೆ ಏಜೆನ್ಸಿಯದು. ವೆಂಡರ್ ನಿಮ್ಮ ಪರವಾಗಿ ಡೇಟಾ ನೋಡಿಕೊಳ್ಳುವವರು ಮಾತ್ರ. ಭದ್ರತೆಯಲ್ಲಿ ಎಡವಿದ್ದಕ್ಕೆ ದಂಡದ ಮಿತಿ 250 ಕೋಟಿ ರೂಪಾಯಿವರೆಗೆ ಇದೆ. ಒಪ್ಪಿಗೆ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು, ಹಾಗಾಗಿ ಎನ್‌ಕ್ವೈರಿ ಫಾರ್ಮಿಗೆ ಕನ್ನಡ ನೋಟಿಸ್ ಸೇರಿಸಲು ಬರುತ್ತದಾ ನೋಡಿ. ಸೆಕೆಂಡ್ ಪಿಯು ಮುಗಿಸಿ ಬ್ಯಾಚುಲರ್ಸ್‌ಗೆ ಹೊರಡುವವರಲ್ಲಿ 18 ತುಂಬದವರು ಇರುತ್ತಾರೆ. ಅವರಿಗೆ ಪೋಷಕರ ಒಪ್ಪಿಗೆ ಬೇಕು. ಹುಟ್ಟಿದ ದಿನ ನೋಡಿ ಆ ಹೆಜ್ಜೆ ತಾನಾಗಿ ತೆರೆಯಬೇಕು.

ಆಧಾರ್ ಕೇಳುವ ಅಭ್ಯಾಸ ಇದ್ದರೆ ಬಿಡಿ. ವಿದೇಶಿ ಅರ್ಜಿಗೆ ಪಾಸ್‌ಪೋರ್ಟ್ ಸಾಕು. ಎಲ್ಲಿಯಾದರೂ ಬೇಕೇ ಬೇಕಾದರೆ ಮಾಸ್ಕ್ ಮಾಡಿದ್ದು.

ಕಾನೂನಿಗಿಂತ ಮೊದಲು ಒಳಗಿನ ಸೋರಿಕೆ ನೋಡಿ. ಕೌನ್ಸೆಲರ್ ಕೆಲಸ ಬಿಟ್ಟು ಪಕ್ಕದ ಏಜೆನ್ಸಿಗೆ ಹೋಗುವಾಗ ಪೂರ್ತಿ ಲೀಡ್ ಪಟ್ಟಿಯನ್ನು ಎಕ್ಸೆಲ್ ಮಾಡಿಕೊಂಡು ಹೋಗಲು ಸಾಧ್ಯವಾ? ಎಕ್ಸ್‌ಪೋರ್ಟ್ ಬಟನ್ ಅಡ್ಮಿನ್‌ಗೆ ಮಾತ್ರ ಇರಬೇಕು. ಸಬ್-ಏಜೆಂಟ್ ತಾನು ಕಳಿಸಿದವರನ್ನು ಮಾತ್ರ ನೋಡಬೇಕು. ಅವರ ಲಾಗಿನ್‌ನಿಂದ ಹುಡುಕುವ ಡಬ್ಬಿಯಲ್ಲಿ ಬೇರೆಯವರ ಹೆಸರು ಟೈಪ್ ಮಾಡಿ ನೋಡಿ. ಪಟ್ಟಿಯಲ್ಲಿ ಅಡಗಿಸಿಟ್ಟು ಸರ್ಚ್‌ನಲ್ಲಿ ಬಿಟ್ಟುಕೊಡುವ ಸಾಫ್ಟ್‌ವೇರ್‌ಗಳಿವೆ. ಯಾರು ಯಾವ ಪಾಸ್‌ಪೋರ್ಟ್ ಯಾವಾಗ ಡೌನ್‌ಲೋಡ್ ಮಾಡಿದರು ಎಂಬ ಲಾಗ್ ಕನಿಷ್ಠ ಒಂದು ವರ್ಷ ಉಳಿಯಬೇಕು.

ವಾಟ್ಸ್‌ಆ್ಯಪ್‌ಗೆ ಅಧಿಕೃತ ಬಿಸಿನೆಸ್ ಎಪಿಐ (ಸಾಫ್ಟ್‌ವೇರನ್ನು ನೇರವಾಗಿ ಜೋಡಿಸುವ ದಾರಿ) ಇದೆಯಾ ಕೇಳಿ. ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿ ವಾಟ್ಸ್‌ಆ್ಯಪ್ ವೆಬ್‌ಗೆ ಕೊಕ್ಕೆ ಹಾಕುವುದಾದರೆ ಬೇಡ, ಒಂದು ಬಲ್ಕ್ ಮೆಸೇಜಿಗೆ ನಂಬರ್ ಬ್ಲಾಕ್ ಆದರೆ ಬ್ರಾಂಚೇ ಮೂಕ. ಎಪಿಐನಲ್ಲಿ ವಿದ್ಯಾರ್ಥಿಯ ಕೊನೆಯ ಮೆಸೇಜಿನಿಂದ 24 ಗಂಟೆ ಕಳೆದರೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಮಾತ್ರ ಕಳಿಸಲು ಸಾಧ್ಯ, ಅದಕ್ಕೆ ಮೆಸೇಜ್ ಲೆಕ್ಕದಲ್ಲಿ ಹಣ. ಈ ಖರ್ಚು ಕೊಟೇಶನ್‌ನಲ್ಲಿ ಇರುವುದಿಲ್ಲ.

ಸ್ಟೋರೇಜ್ ಲೆಕ್ಕ ಸುಲಭ: ಒಂದು ಫೈಲಿಗೆ 50 ಡಾಕ್ಯುಮೆಂಟ್, ಸರಾಸರಿ ಒಂದೂವರೆ ಎಂಬಿ, 75 ಎಂಬಿ. 300 ಫೈಲಿಗೆ ವರ್ಷಕ್ಕೆ 22 ಜಿಬಿ ಚಿಲ್ಲರೆ. ಪ್ಲಾನ್‌ನಲ್ಲಿ 10 ಜಿಬಿ ಇದ್ದರೆ ಆರನೇ ತಿಂಗಳಿಗೇ ಬಿಲ್ ಏರುತ್ತದೆ.

ಡೆವಲಪರ್ ಕಟ್ಟಿಕೊಡುವ ಆಯ್ಕೆಯನ್ನು ಪೂರ್ತಿ ತಳ್ಳಿಹಾಕಬೇಡಿ. ಸೊನ್ನೆಯಿಂದ ಬೇಡ. ಫ್ರಾಪ್ಪೆ ಅಥವಾ ಜೋಹೊ ಕ್ರಿಯೇಟರ್ ಮೇಲೆ ಕಟ್ಟಿದರೆ ಲಾಗಿನ್, ಅನುಮತಿ, ಫಾರ್ಮ್, ರಿಪೋರ್ಟ್ ಎಲ್ಲ ಸಿದ್ಧ ಇರುತ್ತವೆ. ಮೇಲೆ ಫೈಲ್17 ಹೇಳಿದ ರಚನೆ ಹೆಚ್ಚೆಂದರೆ 12 ಟೇಬಲ್.

ಫೈಲ್17

ಸಾಮಿ ಸರ್, 12 ಟೇಬಲ್ ಕಟ್ಟುವುದು ಕಷ್ಟ ಅಲ್ಲ, ಒಪ್ಪುತ್ತೇನೆ. ಕಷ್ಟ ಇರುವುದು ನಿಯಮ ಬದಲಾದಾಗ. ಡೆವಲಪರ್ ಆಗಸ್ಟ್‌ನಲ್ಲಿ ಬೇರೆ ಪ್ರಾಜೆಕ್ಟ್‌ನಲ್ಲಿದ್ದರೆ? 17 ಲಾಗಿನ್ ಇರುವ ಆಫೀಸಿನಲ್ಲಿ ಫೀಲ್ಡ್, ಫಾರ್ಮುಲಾ ತಿದ್ದಲು ಬರುವ ಒಬ್ಬರು ಒಳಗೇ ಇದ್ದರೆ ಮಾತ್ರ ಆ ದಾರಿ. ಇಲ್ಲದಿದ್ದರೆ ಏಜೆನ್ಸಿಗೆಂದೇ ಮಾಡಿದ್ದನ್ನು ತೆಗೆದುಕೊಂಡು, ಚೆಕ್‌ಲಿಸ್ಟ್ ನೀವೇ ಬರೆದುಕೊಳ್ಳಿ.

ಮರೆತ ಒಂದು ರಿಪೋರ್ಟ್: ಯೂನಿವರ್ಸಿಟಿವಾರು ವೀಸಾ ರಿಫ್ಯೂಸಲ್, ಕಾರಣ ಸಮೇತ. ಯುಕೆ ಯೂನಿವರ್ಸಿಟಿಗಳು ಸ್ಪಾನ್ಸರ್ ಲೈಸೆನ್ಸ್ (ವಿದೇಶಿ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುವ ಪರವಾನಗಿ) ಉಳಿಸಿಕೊಳ್ಳಲು ರಿಫ್ಯೂಸಲ್ ಶೇ 10ರ ಕೆಳಗೆ ಇಡಬೇಕಿತ್ತು. ಅಲ್ಲಿಯ ಸರ್ಕಾರದ 2025ರ ಮೇ ಶ್ವೇತಪತ್ರ ಆ ಮಿತಿಗಳನ್ನು ಶೇಕಡಾ ಐದು ಅಂಶದಷ್ಟು ಬಿಗಿ ಮಾಡುವುದಾಗಿ ಹೇಳಿತು, ಅಂದರೆ ಶೇ 5. ಆ ಬಿಗಿ ಏಜೆಂಟರ ಕುತ್ತಿಗೆಗೇ ಬರುವುದು. ಒಂದು ಯೂನಿವರ್ಸಿಟಿಗೆ ನೀವು ಕಳಿಸಿದ್ದು 20, ರಿಫ್ಯೂಸ್ 2 ಎಂದರೆ ಅವರು ಕೇಳುವ ಮುಂಚೆ ನಿಮಗೆ ಗೊತ್ತಿರಬೇಕು. ಕಾರಣವನ್ನು ಡ್ರಾಪ್‌ಡೌನ್ ಆಗಿ ಇಡಿ: ಹಣ, ಡಾಕ್ಯುಮೆಂಟ್, ಕ್ರೆಡಿಬಿಲಿಟಿ ಇಂಟರ್‌ವ್ಯೂ (ನಿಜಕ್ಕೂ ಓದಲು ಹೋಗುತ್ತಿದ್ದಾರಾ ಎಂದು ನೋಡುವುದು), ಹಳೆಯ ರಿಫ್ಯೂಸಲ್ ಮುಚ್ಚಿಟ್ಟದ್ದು.

ಕೆನಡಾ ಫೈಲ್‌ಗಳಿಗೆ ‘ಪ್ರತಿನಿಧಿ ಯಾರು’ ಎಂಬ ಫೀಲ್ಡ್ ಕಡ್ಡಾಯ ಮಾಡಿ. ಅಲ್ಲಿಯ ವಲಸೆ ಕಾಯ್ದೆಯ ಸೆಕ್ಷನ್ 91ರ ಪ್ರಕಾರ ಹಣ ಪಡೆದು ವೀಸಾ ಸಲಹೆ ಕೊಡುವವರು ವಕೀಲರೋ ಲೈಸೆನ್ಸ್ ಇರುವ ಕನ್ಸಲ್ಟೆಂಟೋ ಆಗಿರಬೇಕು. ಅಡ್ಮಿಷನ್ ಕೆಲಸ ಬೇರೆ, ವೀಸಾ ಕೆಲಸ ಬೇರೆ ಎಂದು ಟಾಸ್ಕ್‌ನಲ್ಲೇ ಬೇರ್ಪಡಿಸಿ.

ಕಿತ್ತೂರ್_ಡೆಸ್ಕ್

ಒಳಗೆ ಫಾರ್ಮುಲಾ ಬರೆಯುವವರು ಯಾರೂ ಇಲ್ಲ, ಹಾಗಾಗಿ ಎರಡನೆಯದೇ ಗಟ್ಟಿ ಆಗುತ್ತಿದೆ. ಕೊನೆಯದು: ಯಾವಾಗ ಬದಲಿಸಬೇಕು, ಹಳೆಯ ಶೀಟಿನಲ್ಲಿ ನಾಲ್ಕು ವರ್ಷದ 9,000 ಸಾಲು ಇವೆ, ಎಲ್ಲ ಹಾಕಬೇಕಾ?

ಕರಾವಳಿ_ಆಪ್ಸ್

ಬೇಡ. ಚಾಲ್ತಿ ಫೈಲ್, ಕಮಿಷನ್ ಬಾಕಿ ಇರುವವರು, ಡಿಫರ್ ಆದವರು, ಇಷ್ಟು ಮಾತ್ರ. ಉಳಿದದ್ದು ಓದಲು ಮಾತ್ರ ಬರುವಂತೆ ಶೀಟಿನಲ್ಲೇ ಇರಲಿ. ಸತ್ತ ಲೀಡ್‌ಗಳನ್ನು ತುಂಬಿದರೆ ಮೊದಲ ದಿನವೇ ಸಾವಿರಾರು ‘ಓವರ್‌ಡ್ಯೂ ಫಾಲೋ-ಅಪ್’ ಕೆಂಪಗೆ ಕಾಣುತ್ತವೆ, ಕೌನ್ಸೆಲರ್‌ಗಳು ಅವತ್ತೇ ಕೆಂಪು ನೋಡುವುದನ್ನು ಬಿಡುತ್ತಾರೆ.

ಸಮಯ ಫೆಬ್ರವರಿ. ಜನವರಿ ಇಂಟೇಕಿನ ಎನ್‌ರೋಲ್ ಮುಗಿದಿರುತ್ತದೆ, ಸೆಪ್ಟೆಂಬರ್‌ದು ಇನ್ನೂ ಅರ್ಜಿ ಹಂತದಲ್ಲಿ, ಜರ್ಮನಿಯ ಜುಲೈ 15ರ ಅರ್ಜಿ ಗಡುವು ದೂರ. ಮೊದಲ ಎರಡು ವಾರ ಒಂದು ಬ್ರಾಂಚ್, ಯುಕೆ ಮಾತ್ರ, 15 ಫೈಲ್. ಆಮೇಲೆ ನಾಲ್ಕು ವಾರ ಮೂರೂ ಬ್ರಾಂಚ್, ಶೀಟ್ ಜೊತೆ ಜೊತೆಗೆ. ಆರನೇ ವಾರದ ಕೊನೆಗೆ ಶೀಟಿನ ಎಡಿಟ್ ಅನುಮತಿ ತೆಗೆಯಿರಿ. ಎರಡೂ ತೆರೆದಿದ್ದರೆ ಎರಡೂ ಅರ್ಧರ್ಧ ತುಂಬುತ್ತವೆ.

ಸರ್ವರ್_ಸಾಮಿ

ಮತ್ತು ಸಹಿ ಹಾಕುವ ಮುಂಚೆ, ಆ 15 ಫೈಲುಗಳನ್ನು ಹಾಕಿದ ಮೇಲೆ, ‘ಈಗ ಎಲ್ಲ ವಾಪಸ್ ಕೊಡಿ’ ಎಂದು ಕೇಳಿ. ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಪಟ್ಟಿ) ಕೊಡುತ್ತಾರೆ. ಡಾಕ್ಯುಮೆಂಟ್‌ಗಳು ಜಿಪ್‌ನಲ್ಲಿ ಬರುತ್ತವೆ, ಆದರೆ ಫೈಲ್ ಹೆಸರು 8843021.ಪಿಡಿಎಫ್ ಎಂದಿದ್ದರೆ ಯಾರ ಪಾಸ್‌ಪೋರ್ಟ್ ಯಾವುದು ಎಂದು ತಿಳಿಯುವುದಿಲ್ಲ. ವಿದ್ಯಾರ್ಥಿ ಐಡಿ, ಡಾಕ್ಯುಮೆಂಟ್ ಬಗೆ, ಫೈಲ್ ಹೆಸರು ಮೂರೂ ಇರುವ ಇಂಡೆಕ್ಸ್ ಶೀಟ್ ಬೇಕು. ಚಾಟ್ ಮತ್ತು ನೋಟ್ಸ್ ಕೂಡ. ಒಪ್ಪಂದದಲ್ಲಿ ಬರೆಸಿ: ಬಿಟ್ಟ 30 ದಿನದೊಳಗೆ ಇದೇ ರೂಪದಲ್ಲಿ, ಹೆಚ್ಚಿನ ಶುಲ್ಕ ಇಲ್ಲದೆ, ಆಮೇಲೆ ಅವರ ಕಡೆಯ ಪ್ರತಿ ಅಳಿಸಿದ್ದಕ್ಕೆ ಪತ್ರ.